ಮಿಂಚಂಚೆಯಲ್ಲಿ ಪಾಠದೋಷ: ಪ್ರತಿಲೇಖನಗಳ ಅಕ್ಷರಸಂಕೇತ ಕೆಡುವ ಬಗೆ ಮತ್ತು ಅದರ ಪರಿಹಾರ

೧. ಪೀಠಿಕೆ

ಹಸ್ತಪ್ರತಿಗಳ ಹಾಗೂ ಶಾಸನಗಳ ಪಾಠವನ್ನು ಗಣಕಯಂತ್ರದಲ್ಲಿ ಪ್ರತಿಮಾಡಿ, ಇ-ಮೇಲ್ ಅಥವಾ ಮಿಂಚಂಚೆಯ ಮೂಲಕ ವಿದ್ವಾಂಸರಿಂದ ವಿದ್ವಾಂಸರಿಗೆ ಕಳುಹಿಸುವ ಪದ್ಧತಿ ಈಗ ಎಲ್ಲೆಡೆ ರೂಢಿಗೆ ಬಂದಿದೆ. ಓಲೆಯಿಂದ ಓಲೆಗೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಪಾಠವು ಇಳಿದುಬರುವಾಗ ಯಾವ ಯಾವ ಬಗೆಯ ದೋಷಗಳು ಸೇರುತ್ತವೆಂಬುದನ್ನು ನಮ್ಮ ಸಂಪಾದಕರು ಬಹುಕಾಲದಿಂದ ವಿವೇಚಿಸುತ್ತ ಬಂದಿದ್ದಾರೆ. ಗಣಕದಿಂದ ಗಣಕಕ್ಕೆ ಪಾಠವು ಸಾಗುವಾಗ ಸೇರುವ ದೋಷಗಳೂ ಅದೇ ವಿವೇಚನೆಗೆ ಅರ್ಹವಾದುವು. ಏಕೆಂದರೆ ಅಲ್ಲಿಯೂ ಒಂದು ಮೂಲವಿದೆ, ಒಂದು ಪ್ರತಿಯಿದೆ, ಇವೆರಡರ ನಡುವೆ ಓದಿ ಬರೆಯುವ ಒಬ್ಬ ಲಿಪಿಕಾರನಿದ್ದಾನೆ. ಆ ಲಿಪಿಕಾರನು ಯಂತ್ರವೆಂಬುದಷ್ಟೇ ವಿಶೇಷ.

ಬಂದ ಪತ್ರವನ್ನು ತೆರೆದಾಗ ಕನ್ನಡದ ಬದಲು ರೋಮನ್ ಚಿಹ್ನೆಗಳ ರಾಶಿಯೋ ಪ್ರಶ್ನಾರ್ಥಕ ಚಿಹ್ನೆಗಳ ಸಾಲೋ ಬರಿಯ ಚೌಕಗಳೋ ಕಾಣುವುದು ಅನೇಕರ ಅನುಭವ. ಇವೆಲ್ಲವನ್ನೂ ‘ಫಾಂಟ್ ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದು ವಾಡಿಕೆ. ವಾಸ್ತವದಲ್ಲಿ ಇವು ಬೇರೆ ಬೇರೆ ಕಾರಣಗಳಿಂದ ಹುಟ್ಟುವ ಬೇರೆ ಬೇರೆ ದೋಷಗಳು. ಇವುಗಳಲ್ಲಿ ಕೆಲವು ಪೂರ್ಣವಾಗಿ ಪರಿಹಾರ್ಯ, ಕೆಲವು ಅಪರಿಹಾರ್ಯ. ಕಣ್ಣಿಗೆ ವಿಕಾರವಾಗಿ ಕಾಣುವ ದೋಷವು ಬಹುಮಟ್ಟಿಗೆ ಸರಿಪಡಿಸಬಹುದಾದದ್ದು. ಕಣ್ಣಿಗೆ ಕಾಣದ ದೋಷವೇ ಪಾಠಕ್ಕೆ ನಿಜವಾದ ಹಾನಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ. ಪಠ್ಯಮಾತ್ರವನ್ನು ತೋರಿಸುವ ಅಂಚೆ ಕ್ರಮವಿಧಿಗಳಾದ ಪೈನ್, ಆಲ್ಪೈನ್, ಮಟ್ ಮುಂತಾದುವನ್ನು ಇಲ್ಲಿ ಆಧಾರವಾಗಿ ತೆಗೆದುಕೊಂಡಿದೆ. ಚಿತ್ರ, ಬಣ್ಣ, ಅಲಂಕಾರಗಳಿಲ್ಲದ ಈ ಕ್ರಮವಿಧಿಗಳು ಪತ್ರದ ಒಳಗನ್ನು ಮರೆಮಾಡದೆ ತೋರಿಸುವುದರಿಂದ, ದೋಷವು ಯಾವ ಹಂತದಲ್ಲಿ ಸೇರಿತೆಂದು ತಿಳಿಯಲು ಇವು ಹೆಚ್ಚು ಅನುಕೂಲ.

೨. ನಿದರ್ಶನಕ್ಕೆ ಆಯ್ದ ಸೀಮೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಸೀಮೆಯನ್ನು ಈ ವಿವೇಚನೆಗೆ ನಿದರ್ಶನವಾಗಿ ಆಯ್ದುಕೊಳ್ಳಲಾಗಿದೆ. ಜೈನ ಇತಿಹಾಸದಲ್ಲಿ ಈ ನೆಲದ ಮಹತ್ತ್ವ ವಿದ್ವಾಂಸರಿಗೆ ವಿದಿತವೇ ಆಗಿದೆ. ನರೇಗಲ್ಲಿನಲ್ಲಿ ಇಂದು ನಾರಾಯಣ ದೇವಾಲಯವೆಂದು ಕರೆಯಲಾಗುವ ವಿಶಾಲವಾದ ಕಟ್ಟಡವು ಮೂಲತಃ ಜಿನಾಲಯ. ಗಂಗ ಬೂತುಗನ ರಾಣಿ ಪದ್ಮಬ್ಬರಸಿಯು ಕ್ರಿ.ಶ. ೯೫೦ರ ಸುಮಾರಿಗೆ ಅದನ್ನು ಕಟ್ಟಿಸಿದಳು. ಸೂಡಿಯಲ್ಲಿ ದೊರೆತ ತಾಮ್ರಪಟಗಳು ಶಕವರ್ಷ ೮೬೦, ಎಂದರೆ ಕ್ರಿ.ಶ. ೯೩೮ರ ಕಾಲವನ್ನು ಹೇಳುತ್ತವೆ. ಅದೇ ಬೂತುಗನ ಇನ್ನೊಬ್ಬ ರಾಣಿ ದೀವಳಾಂಬೆಯು ಅಲ್ಲಿ ಕಟ್ಟಿಸಿದ ಚೈತ್ಯಾಲಯಕ್ಕೆ ಬಿಟ್ಟ ದತ್ತಿಯೇ ಅವುಗಳ ವಿಷಯ. ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಸಂಪಾದಿಸಿದ ಜೆ. ಎಫ್. ಫ್ಲೀಟ್ ಅವರು ಅದನ್ನು ಕೂಟಶಾಸನವೆಂದು ಬಗೆದರು. ನೆರೆಯ ಗದಗ ತಾಲೂಕಿನ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದೂ ಪ್ರಸಿದ್ಧವೇ.

ಈ ಸೀಮೆಯನ್ನು ಆಯ್ದುಕೊಳ್ಳಲು ಇನ್ನೊಂದು ಕಾರಣವೂ ಉಂಟು. ಇಲ್ಲಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಎರಡು ನಾಡುಗಳ ಹೆಸರುಗಳನ್ನು ಅಕ್ಷರಗಳಲ್ಲಿ ಬರೆದರೆ ‘ಬೆಳ್ವೊಲ ಮೂನೂಱು’ ಮತ್ತು ‘ಕಿಸುಕಾಡೆೞ್ಪತ್ತು’ ಎಂದಾಗುತ್ತವೆ. ಮೊದಲನೆಯದರಲ್ಲಿ ಶಕಟರೇಫವಿದೆ, ಎರಡನೆಯದರಲ್ಲಿ ರೞವಿದೆ. ಬಳಕೆಯ ಕನ್ನಡದಿಂದ ಮರೆಯಾದ ಈ ಎರಡು ಅಕ್ಷರಗಳೇ ಗಣಕದ ಸಾಗಣೆಯಲ್ಲಿ ಮೊದಲು ಅಪಾಯಕ್ಕೆ ಸಿಲುಕುವುವು. ೞಕಾರ, ಱಕಾರಗಳು ಶುದ್ಧವಾಗಿ ನಿಂತಿವೆಯೋ ಅಥವಾ ಳಕಾರ, ರಕಾರಗಳೊಡನೆ ಕಲಸಿಹೋಗಿವೆಯೋ ಎಂಬುದು ಶಾಸನದ ಕಾಲನಿರ್ಣಯಕ್ಕೆ ಒಂದು ಸಾಧನ. ಆದುದರಿಂದ ಕಾಲದ ವಿಷಯದಲ್ಲಿಯೂ ಅಕೃತ್ರಿಮತೆಯ ವಿಷಯದಲ್ಲಿಯೂ ಚರ್ಚೆಯಿರುವ ಶಾಸನಗಳ ಪ್ರತಿಲೇಖನದಲ್ಲಿ ಒಂದು ೞಕಾರವು ಯಂತ್ರದ ದೆಸೆಯಿಂದ ಳಕಾರವಾದರೆ, ಪಾಠವು ಇದ್ದಕ್ಕಿಂತ ಒಂದೆರಡು ಶತಮಾನ ಈಚಿನದೆಂಬ ಭ್ರಮೆ ಹುಟ್ಟಬಹುದು.

೩. ಅಕ್ಷರಕ್ಕೆ ಅಂಕೆಯಾದ ಬಗೆ

ಗಣಕಯಂತ್ರವು ಅಕ್ಷರವನ್ನು ಅರಿಯದು, ಅಂಕೆಯನ್ನಷ್ಟೇ ಅರಿಯುತ್ತದೆ. ಯಾವ ಅಂಕೆಗೆ ಯಾವ ಅಕ್ಷರವೆಂಬ ಒಪ್ಪಂದದ ಪಟ್ಟಿಗೆ ಅಕ್ಷರಸಂಕೇತವೆಂದು ಹೆಸರು. ೧೯೬೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತದಲ್ಲಿ ಇದ್ದ ಸ್ಥಾನಗಳು ೧೨೮ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಅಂಚೆಯನ್ನು ಸಾಗಿಸುವ ನಿಯಮಗಳು ೧೯೮೨ರಲ್ಲಿ ಸ್ಥಿರಗೊಂಡಾಗ ಆ ೧೨೮ ಚಿಹ್ನೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡುವು. ೨೫೬ ಸ್ಥಾನಗಳ ಲ್ಯಾಟಿನ್-೧ ಎಂಬ ಸಂಕೇತವು ಪಶ್ಚಿಮ ಯುರೋಪಿನ ಭಾಷೆಗಳಿಗೆ ಒದಗಿತು. ೧೯೯೨ರಲ್ಲಿ ‘ಮೈಮ್’ ಎಂಬ ನಿಯಮಾವಳಿ ಬಂದ ಮೇಲೆ, ಪತ್ರದ ತಲೆಬರಹದಲ್ಲಿ ‘ಈ ಪತ್ರವು ಇಂಥ ಸಂಕೇತದಲ್ಲಿದೆ’ ಎಂದು ಹೇಳುವ ಅವಕಾಶವುಂಟಾಯಿತು.

ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ‘ಇಸ್ಕಿ’ ಎಂಬ ಸಂಕೇತವನ್ನು ಪ್ರಕಟಿಸಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯೂ ಹೊರಬಂದು, ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗ ದೊರೆಯಿತು. ಆದರೆ ಜನಸಾಮಾನ್ಯರ ಗಣಕಗಳಿಗೆ ಯೂನಿಕೋಡ್ ಬರಲು ಇನ್ನೂ ಕಾಲ ಹಿಡಿಯಿತು. ಈ ನಡುವಣ ಅವಧಿಯಲ್ಲಿ ೧೯೯೮ರಲ್ಲಿ ಬಂದ ‘ಬರಹ’ ಹಾಗೂ ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳು ಕನ್ನಡ ಬರವಣಿಗೆಗೆ ಮಹದುಪಕಾರ ಮಾಡಿದುವು. ಅವುಗಳ ಫಾಂಟುಗಳು ಒಂದು ಉಪಾಯವನ್ನು ಅವಲಂಬಿಸಿದ್ದುವು: ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಅವಯವಗಳನ್ನು—ತಲೆಕಟ್ಟು, ಒತ್ತು, ಗುಣಿತದ ಕೊಂಬು ಮುಂತಾದುವನ್ನು—ಇರಿಸುವುದು. ಅಂಕೆಯು ರೋಮನ್ ಅಕ್ಷರದ್ದಾಗಿಯೇ ಉಳಿಯುತ್ತದೆ. ಕಾಣುವ ಆಕಾರ ಮಾತ್ರ ಕನ್ನಡ. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಪಾಠ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಕರ್ನಾಟಕ ಸರಕಾರವು ೨೦೧೨ರಲ್ಲಿ ಯೂನಿಕೋಡನ್ನು ಮಾನಕವಾಗಿ ಒಪ್ಪಿತಾದರೂ, ಅದಕ್ಕೂ ಹಿಂದಿನ ಹಲವು ವರ್ಷಗಳ ಪ್ರತಿಲೇಖನಗಳು ಹಳೆಯ ಫಾಂಟುಗಳ ಸಂಕೇತದಲ್ಲಿಯೇ ಕಡತಗಳಲ್ಲಿ ಉಳಿದಿವೆ.

ಒಂದೇ ಗುರುತು, ಓದುವ ಒಪ್ಪಂದ ಬೇರೆ ಎಂಬ ಸ್ಥಿತಿ ನಮಗೆ ಹೊಸದಲ್ಲ. ಕನ್ನಡ ಲಿಪಿಯಲ್ಲಿರುವ ಪ್ರಾಕೃತ ಓಲೆಗಳಲ್ಲಿ ವ್ಯಂಜನದ ಹಿಂದೆ ಬರೆದ ಸೊನ್ನೆಯು ಆ ವ್ಯಂಜನದ ದ್ವಿತ್ವವನ್ನು ಸೂಚಿಸುವುದುಂಟು. ಇದನ್ನರಿಯದವನು ಅದನ್ನು ಅನುಸ್ವಾರವೆಂದು ಓದುತ್ತಾನೆ. ಓಲೆಯಲ್ಲಿ ಏನೂ ಕೆಟ್ಟಿಲ್ಲ. ಓದಿನ ಕೀಲಿ ತಪ್ಪಿದೆ. ಕೀಲಿ ತಿಳಿದೊಡನೆ ಪಾಠವು ಪೂರ್ತಿಯಾಗಿ ಮರಳಿ ಸಿಗುತ್ತದೆ. ಅದರ ಬದಲು, ಆ ಸೊನ್ನೆಯನ್ನು ಅರ್ಥವಿಲ್ಲದ ಚುಕ್ಕೆಯೆಂದು ಬಗೆದು ಯಾರಾದರೂ ಬಿಟ್ಟು ಪ್ರತಿಮಾಡಿದ್ದರೆ, ಆ ಪ್ರತಿಯಿಂದ ದ್ವಿತ್ವವನ್ನು ಮರಳಿ ಪಡೆಯುವುದು ಊಹೆಯಿಂದ ಮಾತ್ರ ಸಾಧ್ಯ. ಮಿಂಚಂಚೆಯ ದೋಷಗಳೂ ಇದೇ ಎರಡು ವರ್ಗಕ್ಕೆ ಸೇರುತ್ತವೆ: ತಪ್ಪು ಓದು, ಮತ್ತು ಲೋಪ.

೪. ಒಂದು ಪದದ ಪ್ರಯಾಣ

‘ಜಿನ’ ಎಂಬ ಪದವನ್ನು ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಇದು ಮೂರು ಘಟಕಗಳಾಗುತ್ತದೆ: ಜಕಾರ ೩೨೨೮, ಗುಡಿಸು ೩೨೬೩, ನಕಾರ ೩೨೪೦. ಅಂಚೆಯಲ್ಲಿ ಸಾಗುವ ಪೆಟ್ಟಿಗೆ, ಎಂದರೆ ಬೈಟು, ೦ಯಿಂದ ೨೫೫ರವರೆಗಿನ ಅಂಕೆಯನ್ನಷ್ಟೇ ಹಿಡಿಯಬಲ್ಲದು. ಆದುದರಿಂದ ೧೯೯೨ರಲ್ಲಿ ರೂಪುಗೊಂಡ ಯುಟಿಎಫ್-೮ ಎಂಬ ವಿಧಾನದಲ್ಲಿ ಪ್ರತಿಯೊಂದು ಕನ್ನಡ ಘಟಕವನ್ನು ಮೂರು ಬೈಟುಗಳಾಗಿ ಒಡೆಯಲಾಗುತ್ತದೆ. ಜಕಾರವು ೨೨೪, ೧೭೮, ೧೫೬ ಎಂದೂ, ಗುಡಿಸು ೨೨೪, ೧೭೮, ೧೯೧ ಎಂದೂ, ನಕಾರವು ೨೨೪, ೧೭೮, ೧೬೮ ಎಂದೂ ಆಗುತ್ತದೆ. ಎರಡಕ್ಷರದ ಪದಕ್ಕೆ ಒಂಬತ್ತು ಬೈಟುಗಳು. ಕನ್ನಡ ವಿಭಾಗದ ಎಲ್ಲ ಘಟಕಗಳಿಗೂ ಮೊದಲ ಬೈಟು ೨೨೪. ಎರಡನೆಯದು ೧೭೮ ಅಥವಾ ೧೭೯. ಮೂರನೆಯದು ೧೨೮ರಿಂದ ೧೯೧ರೊಳಗಿನ ಅಂಕೆ. ಇದಿಷ್ಟನ್ನು ನೆನಪಿನಲ್ಲಿಟ್ಟರೆ ರೋಗನಿದಾನದ ಅರ್ಧ ಕೆಲಸ ಮುಗಿದಂತೆ.

ಈ ಬೈಟುಗಳು ನಾಲ್ಕು ಹಂತಗಳನ್ನು ದಾಟುತ್ತವೆ. ಕಳುಹಿಸುವವರ ಕ್ರಮವಿಧಿಯು ಪಾಠವನ್ನು ಬೈಟುಗಳಾಗಿಸಿ ಸಂಕೇತದ ಹೆಸರನ್ನು ತಲೆಬರಹದಲ್ಲಿ ಬರೆಯುತ್ತದೆ. ಅಂಚೆಯು ಅವನ್ನು ಸಾಗಿಸುತ್ತದೆ. ಪಡೆಯುವವರ ಕ್ರಮವಿಧಿಯು ತಲೆಬರಹವನ್ನು ನಂಬಿ ಬೈಟುಗಳನ್ನು ಮರಳಿ ಅಕ್ಷರಗಳಾಗಿಸುತ್ತದೆ. ಕೊನೆಗೆ ಪರದೆಯು ಫಾಂಟಿನ ನೆರವಿನಿಂದ ಅವುಗಳ ಆಕಾರವನ್ನು ಚಿತ್ರಿಸುತ್ತದೆ. ದೋಷವು ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ಸೇರಬಹುದು. ಪರದೆಯನ್ನು ನೋಡಿದ ಮಾತ್ರಕ್ಕೆ ಪತ್ರವೇ ಕೆಟ್ಟಿದೆಯೆಂದು ತೀರ್ಮಾನಿಸುವುದು, ಮಂಜಾದ ಕನ್ನಡಕದಲ್ಲಿ ಓಲೆಯನ್ನು ನೋಡಿ ಓಲೆ ಮಾಸಿದೆಯೆಂದಂತೆ.

೫. ಲಕ್ಷಣದಿಂದ ಕಾರಣವನ್ನು ತಿಳಿಯುವುದು

(ಅ) ತಲೆಯ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೀಟುಳ್ಳ ಸಣ್ಣ ರೋಮನ್ ‘ಎ’ ಅಕ್ಷರವೂ ಅದರ ಬೆನ್ನಿಗೇ ಮೇಲೇರಿಸಿದ ಚಿಕ್ಕ ಎರಡರ ಅಥವಾ ಮೂರರ ಅಂಕೆಯೂ ಸಾಲುಸಾಲಾಗಿ ಕಂಡರೆ: ಇದು ಯುಟಿಎಫ್-೮ ಪಾಠವನ್ನು ಲ್ಯಾಟಿನ್-೧ ಎಂದು ತಪ್ಪಾಗಿ ಓದಿದುದರ ನಿಶ್ಚಿತ ಲಕ್ಷಣ. ಲ್ಯಾಟಿನ್-೧ರಲ್ಲಿ ೨೨೪ನೆಯ ಸ್ಥಾನ ಆ ಗೀಟುಳ್ಳ ‘ಎ’ಗೆ, ೧೭೮ ಮತ್ತು ೧೭೯ನೆಯ ಸ್ಥಾನಗಳು ಆ ಚಿಕ್ಕ ಅಂಕೆಗಳಿಗೆ ಸೇರಿದುವು. ಪಾಠವು ಕ್ಷೇಮವಾಗಿದೆ, ತಲೆಬರಹದಲ್ಲಿ ಸಂಕೇತದ ಹೆಸರು ತಪ್ಪಿದೆ ಅಥವಾ ಇಲ್ಲ.

(ಆ) ಗೀಟುಳ್ಳ ದೊಡ್ಡ ರೋಮನ್ ‘ಎ’ ಅಕ್ಷರವು ಪದೇ ಪದೇ ಬಂದು, ನಡುನಡುವೆ ಪೌಂಡ್ ನಾಣ್ಯದ ಗುರುತು, ಜರ್ಮನ್ ಭಾಷೆಯ ಜೋಡಿ ‘ಎಸ್’ ಮುಂತಾದುವು ಕಂಡರೆ: ಇದು ನುಡಿ ಅಥವಾ ಬರಹ ಫಾಂಟಿನ ಹಳೆಯ ಸಂಕೇತ. ‘ಕನ್ನಡ’ ಎಂಬ ಪದವು ಆ ಸಂಕೇತದಲ್ಲಿ ರೋಮನ್ ‘ಪಿ’, ಗೀಟುಳ್ಳ ‘ಎ’, ಪೌಂಡ್ ಗುರುತು, ಮತ್ತೆ ಆ ‘ಎ’, ಜರ್ಮನ್ ‘ಎಸ್’, ಸಣ್ಣ ‘ಕ್ಯೂ’, ಮತ್ತೆ ಆ ‘ಎ’ ಎಂದು ಏಳು ಚಿಹ್ನೆಗಳಾಗುತ್ತದೆ. ಇಲ್ಲಿಯೂ ಪಾಠ ಉಳಿದಿದೆ. ಆದರೆ ತಲೆಬರಹವನ್ನು ತಿದ್ದುವುದರಿಂದ ಇದು ಸರಿಹೋಗದು, ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ.

(ಇ) ಹಿಮ್ಮುಖ ಓರೆಗೆರೆಯೊಡನೆ ೩೪೦, ೨೬೨, ೨೬೩ ಎಂಬಂಥ ಮೂರಂಕಿಗಳು ಕಂಡರೆ: ಪಠ್ಯಮಾತ್ರ ಕ್ರಮವಿಧಿಯು ತನ್ನ ಪರದೆ ತೋರಿಸಲಾರದ ಬೈಟುಗಳನ್ನು ಅಷ್ಟಮಾನ ಪದ್ಧತಿಯ ಅಂಕೆಗಳಲ್ಲಿ ಬರೆದು ತೋರಿಸುತ್ತಿದೆ. ೨೨೪, ೧೭೮, ೧೭೯ಗಳ ಅಷ್ಟಮಾನ ರೂಪಗಳೇ ಅವು. ಪತ್ರದಲ್ಲಿ ದೋಷವಿಲ್ಲ, ಪಡೆಯುವವರ ಗಣಕದ ವ್ಯವಸ್ಥೆಯಲ್ಲಿದೆ.

(ಈ) ಸಮಚಿಹ್ನೆಯ ಮುಂದೆ ರೋಮನ್ ‘ಇ’ ಮತ್ತು ಸೊನ್ನೆ, ಮತ್ತೆ ಸಮಚಿಹ್ನೆಯ ಮುಂದೆ ‘ಬಿ’ ಮತ್ತು ಎರಡು—ಹೀಗೆ ಪುಟವೆಲ್ಲ ತುಂಬಿದ್ದರೆ: ೧೨೮ ಚಿಹ್ನೆಗಳ ಹಳೆಯ ಅಂಚೆಮಾರ್ಗವನ್ನು ದಾಟಲೆಂದು ಬೈಟುಗಳಿಗೆ ತೊಡಿಸಿದ ಹೊದಿಕೆ ಕಳಚಿಲ್ಲವೆಂದು ತಿಳಿಯಬೇಕು. ಪಾಠವು ಒಳಗೆ ಕ್ಷೇಮವಾಗಿದೆ.

(ಉ) ಬರಿಯ ಚೌಕಗಳು ಕಂಡರೆ ಫಾಂಟಿನ ಅಭಾವ. ಅಕ್ಷರಗಳು ಕನ್ನಡವೇ ಆಗಿದ್ದು, ಒತ್ತುಗಳು ಕೆಳಗಿಳಿಯದೆ ಗುಣಿತಚಿಹ್ನೆಗಳು ಬಿಡಿಬಿಡಿಯಾಗಿ ನಿಂತಿದ್ದರೆ, ಪಠ್ಯಮಾತ್ರ ಪರದೆಗೆ ಸಂಯುಕ್ತಾಕ್ಷರಗಳನ್ನು ಕೂಡಿಸುವ ಶಕ್ತಿಯಿಲ್ಲವೆಂದರ್ಥ. ಈ ಎರಡರಲ್ಲಿಯೂ ಪಾಠಕ್ಕೆ ಹಾನಿಯಿಲ್ಲ. ಅದೇ ಕಡತವನ್ನು ಬೇರೊಂದು ಕ್ರಮವಿಧಿಯಲ್ಲಿ ತೆರೆದರೆ ಸರಿಯಾಗಿ ಕಾಣುತ್ತದೆ.

(ಊ) ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ: ಇದೊಂದು ಸಂದಿಗ್ಧ ಲಕ್ಷಣ. ಪರದೆಯು ತೋರಿಸಲಾರದೆ ಪ್ರಶ್ನೆಚಿಹ್ನೆಯನ್ನು ಹಾಕಿರಬಹುದು. ಅಥವಾ ಕಳುಹಿಸುವ ಹಂತದಲ್ಲಿಯೇ ಪ್ರತಿ ಅಕ್ಷರದ ಸ್ಥಾನದಲ್ಲಿ ಪ್ರಶ್ನೆಚಿಹ್ನೆ ಕುಳಿತಿರಬಹುದು. ಕಡತದ ಬೈಟುಗಳನ್ನು ಪರೀಕ್ಷಿಸಿದಾಗ ೨೨೪, ೧೭೮ಗಳು ಕಂಡರೆ ಮೊದಲನೆಯದು; ಪ್ರಶ್ನೆಚಿಹ್ನೆಯ ಸ್ವಂತ ಅಂಕೆಯಾದ ೬೩ ಮತ್ತೆ ಮತ್ತೆ ಕಂಡರೆ ಎರಡನೆಯದು. ಎರಡನೆಯದಕ್ಕೆ ಪಡೆದವರಲ್ಲಿ ಪರಿಹಾರವಿಲ್ಲ. ಕಳುಹಿಸಿದವರನ್ನೇ ಮತ್ತೆ ಕೇಳಬೇಕು.

೬. ಕ್ರಮವಿಧಿಯ ವ್ಯವಸ್ಥೆ

ಪಠ್ಯಮಾತ್ರ ಅಂಚೆ ಕ್ರಮವಿಧಿಗಳು ತಮ್ಮ ಪರದೆ ಯಾವ ಸಂಕೇತವನ್ನು ಅರಿಯುತ್ತದೆಂಬುದನ್ನು ಗಣಕದ ‘ಲೊಕೇಲ್’ ಎಂಬ ವ್ಯವಸ್ಥೆಯಿಂದ ತಿಳಿಯುತ್ತವೆ. ಅಲ್ಲಿ ಭಾಷೆಯ ಹೆಸರಿನ ಮುಂದೆ ಯುಟಿಎಫ್-೮ ಎಂದಿರಬೇಕು. ಭಾಷೆ ಕನ್ನಡವೇ ಆಗಬೇಕೆಂದಿಲ್ಲ, ಸಂಕೇತ ಮಾತ್ರ ಅದಾಗಿರಬೇಕು. ಹಾಗಿಲ್ಲದಿದ್ದರೆ ಮೇಲೆ ಹೇಳಿದ (ಇ) ಮತ್ತು (ಊ) ಲಕ್ಷಣಗಳು ಹುಟ್ಟುತ್ತವೆ. ಮೊದಲು ಇದನ್ನು ಸರಿಪಡಿಸದೆ ಕ್ರಮವಿಧಿಯೊಳಗಿನ ಏರ್ಪಾಡುಗಳನ್ನು ಬದಲಿಸುವುದು ವ್ಯರ್ಥಶ್ರಮ.

೧೯೯೫ರಲ್ಲಿ ಮೈಕೇಲ್ ಎಲ್ಕಿನ್ಸ್ ಅವರು ರಚಿಸಿದ ಮಟ್ ಕ್ರಮವಿಧಿಯಲ್ಲಿ, ತಪ್ಪು ಹೆಸರು ಹೊತ್ತು ಬಂದ ಪತ್ರವನ್ನು ತೆರೆದು ಕಂಟ್ರೋಲ್ ಮತ್ತು ‘ಇ’ ಕೀಲಿಗಳನ್ನು ಕೂಡಿ ಒತ್ತಿದರೆ, ಆ ಪತ್ರದ ಸಂಕೇತದ ಹೆಸರನ್ನು ತಿದ್ದಿ ಓದಬಹುದು. ಹೆಸರೇ ಇಲ್ಲದೆ ಬರುವ ಪತ್ರಗಳಿಗೆ ಯಾವ ಸಂಕೇತವೆಂದು ಊಹಿಸಬೇಕೆಂಬುದನ್ನು ‘ಅಸ್ಯೂಮ್ಡ್ ಚಾರ್‌ಸೆಟ್’ ಎಂಬ ಏರ್ಪಾಡಿನಲ್ಲಿ ಹೇಳಬಹುದು. ಕಳುಹಿಸುವಾಗ ಬಳಸಬಹುದಾದ ಸಂಕೇತಗಳ ಪಟ್ಟಿಯಲ್ಲಿ ಯುಟಿಎಫ್-೮ ಇದೆಯೇ ಎಂದು ನೋಡುವುದು ಅವಶ್ಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಕ್ರಮವಿಧಿಯ ಉತ್ತರಾಧಿಕಾರಿಯಾಗಿ ಬಂದ ಆಲ್ಪೈನಿನಲ್ಲಿ ಪರದೆಯ ಸಂಕೇತ, ಕೀಲಿಮಣೆಯ ಸಂಕೇತ, ಕಳುಹಿಸುವ ಸಂಕೇತ, ಹೆಸರಿಲ್ಲದ ಪತ್ರದ ಸಂಕೇತ ಎಂದು ನಾಲ್ಕು ಬೇರೆ ಬೇರೆ ಏರ್ಪಾಡುಗಳುಂಟು. ಇವುಗಳಲ್ಲಿ ಒಂದನ್ನು ಮಾತ್ರ ತಿದ್ದಿ ಉಳಿದವನ್ನು ಬಿಟ್ಟರೆ, ಓದುವಾಗ ಸರಿಯಾಗಿ ಕಂಡ ಪಾಠವು ಪ್ರತ್ಯುತ್ತರದಲ್ಲಿ ಕೆಟ್ಟುಹೋಗುವ ಸಂಭವವಿದೆ.

೭. ಪರದೆಯಿಂದ ನಕಲು ಮಾಡುವುದರ ಅಪಾಯ

ತಪ್ಪು ಓದಿನಿಂದ ಹುಟ್ಟಿದ ರೋಮನ್ ರಾಶಿಯನ್ನು ಪರದೆಯಿಂದ ಎತ್ತಿ ಬೇರೊಂದು ಕಡತದಲ್ಲಿ ಇಟ್ಟುಕೊಂಡು, ಅನಂತರ ಸರಿಪಡಿಸಲು ಯತ್ನಿಸುವುದು ಸಾಮಾನ್ಯ. ತಪ್ಪು ಓದು ಲೋಪವಾಗಿ ಪರಿಣಮಿಸುವುದು ಈ ಘಟ್ಟದಲ್ಲಿಯೇ. ಅದರ ಕಾರಣವನ್ನು ವಿವರವಾಗಿ ಹೇಳುವುದು ಉಚಿತ.

ಲ್ಯಾಟಿನ್-೧ನ್ನು ಹೋಲುವ, ವಿಂಡೋಸ್ ಗಣಕಗಳಲ್ಲಿ ಬಳಕೆಯಿದ್ದ ೧೨೫೨ ಎಂಬ ಸಂಕೇತದಲ್ಲಿ ೧೨೯, ೧೪೧, ೧೪೩, ೧೪೪, ೧೫೭ ಎಂಬ ಐದು ಸ್ಥಾನಗಳು ಬರಿದಾಗಿವೆ. ಕನ್ನಡದ ಕೊಂಬಿನ, ಎಂದರೆ ಉಕಾರ ಚಿಹ್ನೆಯ, ಮೂರನೆಯ ಬೈಟು ೧೨೯. ಹಲಂತಚಿಹ್ನೆಯ ಮೂರನೆಯ ಬೈಟು ೧೪೧. ಬರಿದಾದ ಸ್ಥಾನಕ್ಕೆ ಬಂದ ಬೈಟನ್ನು ಕೆಲವು ಪರಿವರ್ತಕಗಳು ಹಾಗೆಯೇ ಉಳಿಸುತ್ತವೆ, ಕೆಲವು ಬಿಟ್ಟುಬಿಡುತ್ತವೆ, ಕೆಲವು ಪ್ರಶ್ನೆಚಿಹ್ನೆಯಿಂದ ತುಂಬುತ್ತವೆ. ಹಲಂತಚಿಹ್ನೆಯೇ ಹೋದರೆ ಸಂಯುಕ್ತಾಕ್ಷರವೆಲ್ಲ ಒಡೆಯುತ್ತದೆ. ಸಂಸ್ಕೃತ, ಪ್ರಾಕೃತ, ಹಳಗನ್ನಡ ಪಾಠಗಳಲ್ಲಿ ಇದರಿಂದಾಗುವ ಅನರ್ಥವನ್ನು ಹೇಳಬೇಕಾಗಿಲ್ಲ. ಅಂತೆಯೇ ಠಕಾರದ ಮೂರನೆಯ ಬೈಟಾದ ೧೬೦ನೆಯ ಸ್ಥಾನದಲ್ಲಿರುವುದು ಬರಿಯ ತೆರಪು. ಭಕಾರದ ಮೂರನೆಯ ಬೈಟಾದ ೧೭೩ನೆಯ ಸ್ಥಾನದಲ್ಲಿರುವುದು ಸಾಲಿನ ಕೊನೆಯಲ್ಲದೆ ಬೇರೆಡೆ ಕಾಣದ ಒಂದು ಕೂಡುಗೆರೆ. ನಕಲು ಮಾಡುವಾಗ ಮೊದಲನೆಯದು ಸಾಮಾನ್ಯ ತೆರಪಾಗಿ ಬದಲಾಗುವುದೂ, ಎರಡನೆಯದು ಉದುರಿಹೋಗುವುದೂ ಉಂಟು. ಹಾಗಾದಲ್ಲಿ ‘ಪೀಠ’ದಲ್ಲಿ ಠಕಾರವಾಗಲಿ, ‘ಭಟ್ಟಾರಕ’ದಲ್ಲಿ ಭಕಾರವಾಗಲಿ ಉಳಿಯದು. ಆದುದರಿಂದ ಪರದೆಯಿಂದ ನಕಲು ಮಾಡದೆ, ಬಂದ ಪತ್ರವನ್ನೇ ಇದ್ದಂತೆ ಕಡತವಾಗಿ ಉಳಿಸಿಕೊಳ್ಳಬೇಕು.

ತಪ್ಪು ಓದಿನ ಪಾಠವನ್ನು ಯಾರಾದರೂ ಮತ್ತೆ ಯುಟಿಎಫ್-೮ ಆಗಿ ಉಳಿಸಿ ಮುಂದೆ ಕಳುಹಿಸಿದ್ದರೆ ಬೈಟುಗಳಲ್ಲಿ ೧೯೫, ೧೬೦, ೧೯೪, ೧೭೮ ಎಂಬ ಅನುಕ್ರಮ ಕಾಣುತ್ತದೆ. ಇದು ಎರಡು ಸಲ ಹೊದಿಸಿದ ಪಾಠ. ಒಂದು ಹೊದಿಕೆಯನ್ನು ತೆಗೆದರೆ, ಎಂದರೆ ಯುಟಿಎಫ್-೮ರಿಂದ ಲ್ಯಾಟಿನ್-೧ಕ್ಕೆ ಒಮ್ಮೆ ಪರಿವರ್ತಿಸಿದರೆ, ಮೂಲದ ೨೨೪, ೧೭೮ಗಳು ಮರಳಿ ಬರುತ್ತವೆ.

೮. ಕಾಣದ ದೋಷಗಳು

ಇಲ್ಲಿಯವರೆಗೆ ಹೇಳಿದ ದೋಷಗಳು ತಾವಾಗಿಯೇ ಕೂಗಿ ಹೇಳುವಂಥವು. ಅವನ್ನು ಕಂಡ ಯಾವ ಸಂಪಾದಕನೂ ಪಾಠವನ್ನು ಅಚ್ಚಿಗೆ ಕೊಡನು. ಪಾಠವು ಶುದ್ಧ ಕನ್ನಡವಾಗಿಯೇ ಕಂಡು, ಒಳಗೆ ಬದಲಾಗಿರುವ ದೋಷಗಳು ನಾಲ್ಕು ಬಗೆ.

ಮೊದಲನೆಯದು ರೞ ಮತ್ತು ಶಕಟರೇಫಗಳದು. 'ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಯೂನಿಕೋಡಿನಲ್ಲಿ ಱಕಾರಕ್ಕೆ ೩೨೪೯, ೞಕಾರಕ್ಕೆ ೩೨೯೪ ಎಂಬ ಸ್ಥಾನಗಳಿವೆ. ಎರಡನೆಯದಕ್ಕೆ ಅಲ್ಲಿ ಕೊಟ್ಟಿರುವ ಇಂಗ್ಲಿಷ್ ಹೆಸರು ‘ಫಾ’ ಎಂದು. ಹೆಸರು ತಪ್ಪೆಂದು ಒಪ್ಪಿಕೊಂಡರೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಹೆಸರನ್ನು ನಂಬಿ ಹುಡುಕುವವನಿಗೆ ಈ ಅಕ್ಷರ ಸಿಗದು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವ ಪಟ್ಟಿಯಲ್ಲಿ ಈ ಅಕ್ಷರಗಳಿಗೆ ಸಾಲು ಇಲ್ಲದಿದ್ದರೆ ಅವು ಉದುರುತ್ತವೆ ಅಥವಾ ಬೇರೊಂದಾಗುತ್ತವೆ. ಕೀಲಿಮಣೆಯಲ್ಲಿ ಅಕ್ಷರ ಸಿಗದೆ ಲಿಪಿಕಾರನೇ ಳಕಾರವನ್ನು ಒತ್ತಿದ್ದರೆ ಯಾವ ಗುರುತೂ ಉಳಿಯದು. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ರೞವುಳ್ಳ ಪದಗಳನ್ನು ಪಟ್ಟಿಮಾಡಿಕೊಡಬೇಕಾಯಿತೆಂಬುದನ್ನು ನೆನೆದರೆ, ಒಮ್ಮೆ ಕಲಸಿದ ಮೇಲೆ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಅರ್ಕಾವೊತ್ತಿನದು. ರಕಾರ, ಹಲಂತಚಿಹ್ನೆ, ಯಕಾರಗಳನ್ನು ಅನುಕ್ರಮವಾಗಿ ಬರೆದರೆ ಯೂನಿಕೋಡಿನಲ್ಲಿ ಅರ್ಕಾವೊತ್ತಿನ ರೂಪ ಬರುತ್ತದೆ. ಓಲೆಯಲ್ಲಿ ರಕಾರವು ಪೂರ್ಣವಾಗಿದ್ದು ಅದರ ಕೆಳಗೆ ಯಕಾರದ ಒತ್ತು ಇದ್ದರೆ, ಅದನ್ನು ತೋರಿಸಲು ರಕಾರದ ಮುಂದೆ ೮೨೦೫ ಎಂಬ ಕಾಣದ ಕೂಡುಚಿಹ್ನೆಯನ್ನು ಇಡಬೇಕು. ಕಾಣದ ಚಿಹ್ನೆಗಳನ್ನು ಅನಾವಶ್ಯಕವೆಂದು ಬಗೆದು ತೆಗೆದುಹಾಕುವ ಕ್ರಮವಿಧಿಯ ಮೂಲಕ ಪಾಠವು ಹಾದುಬಂದರೆ ಎರಡು ರೂಪಗಳೂ ಒಂದೇ ಆಗುತ್ತವೆ. ಅರ್ಥ ಕೆಡದಿದ್ದರೂ, ಲಿಪಿಕಾರನ ಲೇಖನಪದ್ಧತಿಯ ಸಾಕ್ಷ್ಯ ಹೋಗುತ್ತದೆ.

ಮೂರನೆಯದು ಅವಗ್ರಹಾದಿಗಳದು. ಕನ್ನಡದ ಅವಗ್ರಹಚಿಹ್ನೆಯು ಯೂನಿಕೋಡಿಗೆ ಸೇರಿದ್ದು ೨೦೦೩ರಲ್ಲಿ. ನಕಾರಪೊಲ್ಲು ಸೇರಿದ್ದು ೨೦೨೧ರಲ್ಲಿ. ಅದಕ್ಕಿಂತ ಹಿಂದೆ ಸಿದ್ಧವಾದ ಯೂನಿಕೋಡ್ ಪಾಠಗಳಲ್ಲಿ ಈ ಚಿಹ್ನೆಗಳ ಸ್ಥಾನದಲ್ಲಿ ಬೇರೇನೋ ಇರಲೇಬೇಕು. ಹಳೆಯ ಕಡತವನ್ನು ಬಳಸುವಾಗ ಅದು ಸಿದ್ಧವಾದ ವರ್ಷವನ್ನು ನೋಡುವುದು ಇದೇ ಕಾರಣಕ್ಕೆ ಅಗತ್ಯ.

ನಾಲ್ಕನೆಯದು ಒಂದೇ ಅಕ್ಷರದ ಎರಡು ಬರಹ. ‘ಕೊ’ ಎಂಬುದನ್ನು ಒಕಾರಚಿಹ್ನೆಯ ಒಂದೇ ಘಟಕದಿಂದಲೂ ಬರೆಯಬಹುದು, ಎಕಾರಚಿಹ್ನೆ ಮತ್ತು ದೀರ್ಘ ಊಕಾರಚಿಹ್ನೆ ಎಂಬ ಎರಡು ಘಟಕಗಳಿಂದಲೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಪದಸೂಚಿ ಮಾಡುವಾಗ ಯಂತ್ರವು ಅವನ್ನು ಎರಡು ಪದಗಳೆಂದು ಎಣಿಸಬಹುದು. ಇದು ಲೋಪವಲ್ಲ, ಎಲ್ಲವನ್ನೂ ಏಕರೂಪಕ್ಕೆ ತರುವ ಸಂಸ್ಕಾರದಿಂದ ಪರಿಹಾರವಾಗುತ್ತದೆ.

೯. ಅನುಸರಿಸಬೇಕಾದ ಕ್ರಮ

ಮೇಲಿನ ವಿವೇಚನೆಯಿಂದ ಈ ಕ್ರಮವು ಸಿದ್ಧವಾಗುತ್ತದೆ. ಬಂದ ಪತ್ರವನ್ನು ತಲೆಬರಹಸಹಿತವಾಗಿ, ಒಂದಕ್ಷರವನ್ನೂ ತಿದ್ದದೆ, ಕಡತವಾಗಿ ಉಳಿಸಿ ಅದನ್ನು ಮಾತೃಪ್ರತಿಯೆಂದು ಭಾವಿಸಬೇಕು. ತಿದ್ದುಪಡಿಯೆಲ್ಲ ಅದರ ನಕಲಿನಲ್ಲಿಯೇ ನಡೆಯಬೇಕು. ತಲೆಬರಹದಲ್ಲಿ ಸಂಕೇತದ ಹೆಸರು ಏನಿದೆಯೆಂದು ನೋಡಬೇಕು. ಬಳಿಕ ಒಂದೆರಡು ಪದಗಳ ಬೈಟುಗಳನ್ನು ಅಂಕೆಗಳಾಗಿ ಓದಿ, ಅವು ೨೨೪ರ ಗುಂಪಿನವೋ, ನುಡಿ-ಬರಹಗಳವೋ, ೬೩ರವೋ ಎಂದು ತಿಳಿಯಬೇಕು. ಮೊದಲನೆಯದಾದರೆ ಹೆಸರನ್ನೋ ಲೊಕೇಲನ್ನೋ ತಿದ್ದಿದರೆ ಸಾಕು. ಎರಡನೆಯದಾದರೆ ಪರಿವರ್ತಕವನ್ನು ಬಳಸುವ ಮೊದಲು, ಱ, ೞ, ಅವಗ್ರಹ, ಅರ್ಕಾವೊತ್ತುಗಳಿರುವ ಒಂದು ಸಾಲಿನಿಂದ ಆ ಪರಿವರ್ತಕವನ್ನೇ ಪರೀಕ್ಷಿಸಬೇಕು. ಮೂರನೆಯದಾದರೆ ಊಹೆಯಿಂದ ತುಂಬುವ ಸಾಹಸ ಮಾಡದೆ, ಪಾಠವನ್ನು ಮತ್ತೆ ತರಿಸಿಕೊಳ್ಳಬೇಕು.

ಕಳುಹಿಸುವವರಿಗೂ ಎರಡು ಕರ್ತವ್ಯಗಳುಂಟು. ಪ್ರತಿಲೇಖನದ ತಲೆಯಲ್ಲಿ ‘ಱ ೞ ಠ ಭ ಽ ರ್ಯ ರ‍್ಯ ಕು ಕ್ಷ’ ಎಂಬಂಥ ಒಂದು ಪರೀಕ್ಷಾಪಂಕ್ತಿಯನ್ನು ಬರೆದು, ಆ ಪಂಕ್ತಿಯ ಒಂದು ಛಾಯಾಚಿತ್ರವನ್ನು ಜೊತೆಗಿಡಬೇಕು. ಪಂಕ್ತಿಯು ಸರಿಯಾಗಿ ತಲುಪಿದ್ದರೆ ಸಾಗಣೆಯ ದೋಷಗಳು ಬಹುಮಟ್ಟಿಗೆ ಇಲ್ಲವೆಂದು ನಂಬಬಹುದು. ಎರಡನೆಯದಾಗಿ, ಪಾಠದ ಕೊನೆಯಲ್ಲಿ ಱಕಾರ ಎಷ್ಟು, ೞಕಾರ ಎಷ್ಟು, ಒಟ್ಟು ಸಾಲು ಎಷ್ಟು ಎಂಬ ಎಣಿಕೆಯನ್ನು ಬರೆಯಬೇಕು. ಈ ಎಣಿಕೆ ಗಣಕಕ್ಕೆ ಕ್ಷಣಮಾತ್ರದ ಕೆಲಸ. ಪಡೆದವರು ಮತ್ತೆ ಎಣಿಸಿ ಹೋಲಿಸಿದರೆ, ಕಾಣದ ದೋಷವೂ ಕಾಣುತ್ತದೆ.

ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂಬ ಮಾನದಿಂದ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದು ಇದೇ ಉದ್ದೇಶಕ್ಕೂ ಒದಗುತ್ತಿತ್ತು: ಮುಂದೆ ಪ್ರತಿಮಾಡುವವನು ತನ್ನ ಪ್ರತಿಯನ್ನು ಅದರೊಡನೆ ಅಳೆದುನೋಡಬಹುದಾಗಿತ್ತು. ಷಟ್ಖಂಡಾಗಮದ ಧವಲಾ ಟೀಕೆಯು ಮೂಡಬಿದಿರೆಯ ಹಳಗನ್ನಡ ಲಿಪಿಯ ಓಲೆಗಳಿಂದ ನಾಗರಿಗೆ ಇಳಿದು, ೧೯೩೯ರಿಂದ ಅಚ್ಚಾಗತೊಡಗಿದಾಗ, ಲಿಪ್ಯಂತರದ ಪಾಠವನ್ನು ಓಲೆಯೊಡನೆ ಹೋಲಿಸುವ ಅಗತ್ಯ ಎಷ್ಟೆಂಬುದು ವಿದ್ವಾಂಸರಿಗೆ ಮನದಟ್ಟಾಗಿತ್ತು. ಗಣಕಸಂಕೇತದ ಬದಲಾವಣೆಯೂ ಒಂದು ಲಿಪ್ಯಂತರವೇ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಶಾಸನಪಾಠಗಳನ್ನು ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ತರುವವರು, ಹಳೆಯ ಕಡತಗಳನ್ನು ಅಳಿಸದೆ ಕಾಪಾಡಿ, ಪ್ರತಿಯೊಂದು ಱಕಾರ, ೞಕಾರವನ್ನೂ ಪಡಿಯಚ್ಚಿನೊಡನೆ ಒಮ್ಮೆ ಹೋಲಿಸಿ, ಅನಂತರವೇ ಹೊಸ ಪಾಠವನ್ನು ಪ್ರಮಾಣವೆಂದು ಸ್ವೀಕರಿಸುವುದು ಯುಕ್ತ.